ಲೇಖಕರ ಸಂಘವೂ ಲೆಕ್ಕದ ಪುಸ್ತಕವೂ

೧

ಕಾದಂಬರಿಯ ತತ್ತ್ವವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಪಾಠ ನಡೆಯುವಾಗ ಹೆನ್ರಿ ಜೇಮ್ಸನ ‘ದಿ ಆರ್ಟ್ ಆಫ್ ಫಿಕ್ಷನ್’ ಎಂಬ ಪ್ರಬಂಧದ ಪ್ರಸ್ತಾಪ ಬಾರದೆ ಇರುವುದಿಲ್ಲ. ೧೮೮೪ರ ಸೆಪ್ಟೆಂಬರಿನಲ್ಲಿ ‘ಲಾಂಗ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಬಂಧವು ತಾನೇ ತಾನಾಗಿ ಹುಟ್ಟಿದುದಲ್ಲ. ಅದು ಒಂದು ಉಪನ್ಯಾಸಕ್ಕೆ ಕೊಟ್ಟ ಉತ್ತರ. ಆ ಉಪನ್ಯಾಸವನ್ನು ಅದೇ ವರ್ಷದ ಏಪ್ರಿಲಿನಲ್ಲಿ, ಅದೇ ಹೆಸರಿನಿಂದ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾಡಿದವನು ವಾಲ್ಟರ್ ಬೆಸೆಂಟ್ ಎಂಬ ಕಾದಂಬರಿಕಾರ. ಕಾದಂಬರಿಯು ಚಿತ್ರ, ಶಿಲ್ಪ, ಸಂಗೀತ, ಕಾವ್ಯಗಳಿಗೆ ಸಮಾನವಾದ ಲಲಿತಕಲೆಯೆಂದೂ, ಅದಕ್ಕೂ ನಿಯಮಗಳುಂಟೆಂದೂ, ಆ ನಿಯಮಗಳನ್ನು ಕಲಿಸಲು ಸಾಧ್ಯವೆಂದೂ, ಚಿತ್ರಕಾರನಿಗೆ ಸಲ್ಲುವ ಬಿರುದು ಮನ್ನಣೆಗಳು ಕಾದಂಬರಿಕಾರನಿಗೆ ಸಲ್ಲದಿರುವುದು ವಿಷಾದಕರವೆಂದೂ ಅವನು ವಾದಿಸಿದನು. ಕಾದಂಬರಿಯು ಲಲಿತಕಲೆಯೆಂಬುದನ್ನು ಜೇಮ್ಸನು ಸಂತೋಷದಿಂದ ಒಪ್ಪಿದನು. ಆದರೆ ಬರೆಯುವುದಕ್ಕೆ ಮೊದಲೇ ಗೊತ್ತುಮಾಡಿಟ್ಟ ನಿಯಮಗಳಿಂದ ಕಲೆ ಹುಟ್ಟುವುದೆಂಬ ಮಾತನ್ನು ಅವನು ಒಪ್ಪಲಿಲ್ಲ. ಈ ವಾದದಲ್ಲಿ ಗೆದ್ದವನು ಜೇಮ್ಸನೆಂಬುದು ನಿರ್ವಿವಾದ. ಬೆಸೆಂಟನ ಉಪನ್ಯಾಸವನ್ನು ಇಂದು ಓದುವವರು ಬಹು ವಿರಳ. ಅವನ ಹೆಸರು ಉಳಿದಿರುವುದು ಜೇಮ್ಸನ ಪ್ರಬಂಧದ ಅಡಿಟಿಪ್ಪಣಿಯಲ್ಲಿ.

ಆದರೆ ಅದೇ ೧೮೮೪ರಲ್ಲಿ ಬೆಸೆಂಟನು ಇನ್ನೊಂದು ಕಾರ್ಯವನ್ನೂ ಮಾಡಿದನು. ‘ಸೊಸೈಟಿ ಆಫ್ ಆಥರ್ಸ್’ ಎಂಬ ಗ್ರಂಥಕರ್ತರ ಸಂಘವನ್ನು ಅವನು ಕಟ್ಟಿದನು. ಆಸ್ಥಾನಕವಿ ಟೆನಿಸನ್ ಅದರ ಪ್ರಥಮಾಧ್ಯಕ್ಷನಾದನು. ಅವನ ತರುವಾಯ ಜಾರ್ಜ್ ಮೆರೆಡಿತ್, ತಾಮಸ್ ಹಾರ್ಡಿ ಮೊದಲಾದವರು ಆ ಪೀಠದಲ್ಲಿ ಕುಳಿತರು. ಆ ಸಂಘವು ಇಂದಿಗೂ ಜೀವಂತವಾಗಿದೆ. ಉಪನ್ಯಾಸದ ಬೆಸೆಂಟನನ್ನು ಅಡಿಟಿಪ್ಪಣಿಯಲ್ಲಾದರೂ ನೆನೆಯುವ ನಮ್ಮ ವಿಮರ್ಶೆಯು ಸಂಘದ ಬೆಸೆಂಟನನ್ನು ಒಮ್ಮೆಯೂ ನೆನೆಯುವುದಿಲ್ಲ. ಪ್ರಕಾಶನದ ಕರಾರು, ಮುದ್ರಣದ ವೆಚ್ಚ, ಮಾರಾಟದ ಲೆಕ್ಕ ಮುಂತಾದುವು ಸಾಹಿತ್ಯವಿಚಾರಕ್ಕೆ ಹೊರಗಿನ ಸಂಗತಿಗಳೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣ.

ಈ ಭಾವನೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೆಸೆಂಟನಲ್ಲಿ ಎರಡು ಆಶೆಗಳಿದ್ದುವು: ಲೇಖಕರಿಗೆ ಕಲೆಯ ನಿಯಮವನ್ನೂ ಮನ್ನಣೆಯನ್ನೂ ಒದಗಿಸುವುದು ಒಂದು, ಅವರ ಕೈಗೆ ಲೆಕ್ಕದ ಪುಸ್ತಕವನ್ನು ಕೊಡುವುದು ಇನ್ನೊಂದು. ಲೇಖಕರ ಸಂಘವು ಮೊದಲನೆಯದನ್ನು ಮಾಡಲಾರದು, ಎರಡನೆಯದನ್ನು ಅದರ ಹೊರತು ಬೇರಾರೂ ಮಾಡಲಾರರು ಎಂಬುದೇ ನಮ್ಮ ಪ್ರಮೇಯ. ಕನ್ನಡದಲ್ಲಿ ನಾವು ಕಟ್ಟಿಕೊಂಡ ಸಂಘಗಳು ಬಹುಮಟ್ಟಿಗೆ ಮೊದಲನೆಯ ಆಶೆಯಿಂದ ಹುಟ್ಟಿದುವು. ಎರಡನೆಯದನ್ನು ನಾವು ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ.

೨

ಕವಿಗೆ ಆಶ್ರಯದಾತನಿದ್ದ ಕಾಲದಲ್ಲಿ ಸಂಘದ ಅವಶ್ಯಕತೆ ಇರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆಯು ಬರೆಯಿಸಿ ಹಂಚಿದಳೆಂಬ ಸಂಗತಿಯನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿ ಪ್ರತಿಯ ವೆಚ್ಚವನ್ನು ವಹಿಸಿದವರು ಯಾರು, ಪ್ರತಿಗಳು ಎಷ್ಟು ಎಂಬುದು ಎಲ್ಲರಿಗೂ ತಿಳಿದಿತ್ತು, ದಾನವು ಬಹಿರಂಗವಾಗಿತ್ತು. ಮುದ್ರಣಯಂತ್ರ ಬಂದ ಮೇಲೆ ಆಶ್ರಯದಾತನ ಸ್ಥಾನದಲ್ಲಿ ವ್ಯಾಪಾರಿಯು ನಿಂತನು. ಇದರಿಂದ ಲೇಖಕನಿಗೆ ಸ್ವಾತಂತ್ರ್ಯವು ದೊರೆಯಿತೆಂಬುದು ನಿಜ. ಆದರೆ ಅವನ ಕೃತಿಯ ಪ್ರತಿಗಳೆಷ್ಟು, ವೆಚ್ಚವೆಷ್ಟು, ಮಾರಾಟವೆಷ್ಟು ಎಂಬ ಸಂಗತಿಗಳು ಅವನ ಕಣ್ಣಿಗೆ ಮರೆಯಾದುವು.

ಈ ಮರೆಯನ್ನು ಸರಿಸಲು ಮೊದಲು ಯತ್ನಿಸಿದವರಲ್ಲಿ ಫ್ರಾನ್ಸಿನ ನಾಟಕಕಾರ ಬೋಮಾರ್ಷೆಯು ಪ್ರಸಿದ್ಧನು. ಪ್ಯಾರಿಸ್ಸಿನಲ್ಲಿ ರಾಜಾಶ್ರಯ ಪಡೆದಿದ್ದ ‘ಕೊಮೆದಿ ಫ್ರಾನ್ಸೇಸ್’ ಎಂಬ ನಾಟಕಮಂಡಲಿಯಲ್ಲಿ ಒಂದು ಕಟ್ಟಳೆಯಿದ್ದಿತು: ನಾಟಕದ ವಸೂಲಿಯು ಒಂದು ಮಿತಿಗಿಂತ ಕೆಳಗಿಳಿದರೆ ಆ ನಾಟಕವು ಮಂಡಲಿಯ ಸ್ವತ್ತಾಗುತ್ತಿತ್ತು, ಆಮೇಲೆ ಅದು ಎಷ್ಟು ಬಾರಿ ಪ್ರದರ್ಶಿತವಾದರೂ ಕರ್ತೃವಿಗೆ ಏನೂ ಸಲ್ಲುತ್ತಿರಲಿಲ್ಲ. ವಸೂಲಿಯ ಲೆಕ್ಕವನ್ನು ಇಡುತ್ತಿದ್ದವರೂ ಮಂಡಲಿಯವರೇ. ೧೭೭೫ರಲ್ಲಿ ರಂಗಕ್ಕೆ ಬಂದ ತನ್ನ ‘ಬಾರ್ಬರ್ ಆಫ್ ಸೆವಿಲ್’ ನಾಟಕಕ್ಕೆ ಬೋಮಾರ್ಷೆಯು ಸರಿಯಾದ ಲೆಕ್ಕವನ್ನು ಕೇಳಿದನು. ಅದು ಸಿಕ್ಕದಾಗಲು ೧೭೭೭ರ ಜುಲೈ ೩ರಂದು ಇತರ ನಾಟಕಕಾರರನ್ನು ತನ್ನ ಮನೆಗೆ ಊಟಕ್ಕೆ ಕರೆದು ಅವರದೊಂದು ಕೂಟವನ್ನು ಏರ್ಪಡಿಸಿದನು. ನಾಟಕಕಾರನ ಒಪ್ಪಿಗೆಯಿಲ್ಲದೆ ಅವನ ಕೃತಿಯನ್ನು ಆಡಕೂಡದೆಂಬ ಶಾಸನವು ೧೭೯೧ರಲ್ಲಿ, ಮಹಾಕ್ರಾಂತಿಯ ನಡುವೆ, ಜಾರಿಗೆ ಬಂದಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬೋಮಾರ್ಷೆಯು ಮೊದಲು ಕೇಳಿದುದು ಹೆಚ್ಚು ಹಣವನ್ನಲ್ಲ, ರುಜು ಹಾಕಿದ ಲೆಕ್ಕವನ್ನು.

ಅವನಿಗೆ ನೂರು ವರ್ಷಗಳ ಮೇಲೆ ಬೆಸೆಂಟನು ಎದುರಿಸಿದುದೂ ಇದೇ ಸಮಸ್ಯೆಯನ್ನು. ಆಗಿನ ಇಂಗ್ಲೆಂಡಿನಲ್ಲಿ ‘ಅರ್ಧ ಲಾಭ’ವೆಂಬ ಪದ್ಧತಿ ರೂಢಿಯಲ್ಲಿದ್ದಿತು. ಮುದ್ರಣದ ವೆಚ್ಚವನ್ನೆಲ್ಲ ಪ್ರಕಾಶಕನು ವಹಿಸುವುದು, ವೆಚ್ಚ ಕಳೆದು ಉಳಿದ ಲಾಭವನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳುವುದು ಅದರ ಕ್ರಮ. ಕೇಳುವುದಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ವೆಚ್ಚದ ಪಟ್ಟಿಯನ್ನು ಬರೆಯುವವನು ಪ್ರಕಾಶಕ. ಕಾಗದದ ಅಂಗಡಿಯವನು ಅವನಿಗೆ ಕೊಟ್ಟ ರಿಯಾಯಿತಿಯು ಆ ಪಟ್ಟಿಯಲ್ಲಿ ಕಾಣದೆ ಹೋಗಬಹುದು. ಅವನದೇ ಪತ್ರಿಕೆಯಲ್ಲಿ ಬಂದ ಜಾಹೀರಾತಿಗೂ ದರ ಬೀಳಬಹುದು. ಹಂಚಿಕೊಳ್ಳಲು ಲಾಭವೇ ಉಳಿಯಲಿಲ್ಲವೆಂಬ ಪತ್ರ ಬಂದಾಗ ಲೇಖಕನು ಅದನ್ನು ನಂಬಬೇಕು, ಇಲ್ಲವೆ ಸಂಶಯಪಡಬೇಕು. ಪರೀಕ್ಷಿಸುವ ಮಾರ್ಗವು ಅವನಿಗಿಲ್ಲ. ಪ್ರಾಮಾಣಿಕ ಪ್ರಕಾಶಕರೂ ಬೇಕಾದಷ್ಟು ಮಂದಿ ಇದ್ದರು. ಆದರೆ ಪ್ರಾಮಾಣಿಕನನ್ನೂ ಅಪ್ರಾಮಾಣಿಕನನ್ನೂ ವಿಂಗಡಿಸುವ ಸಾಧನವಿಲ್ಲದ ಕಡೆ ಪ್ರಾಮಾಣಿಕನಿಗೂ ಸಂಶಯದ ಕಳಂಕ ತಟ್ಟುತ್ತದೆ.

ಸಂಘವು ಇದಕ್ಕೆ ಮಾಡಿದ ಉಪಾಯವು ಅತ್ಯಂತ ಸರಳ. ಇಷ್ಟು ಪುಟದ ಪುಸ್ತಕವನ್ನು, ಈ ಅಳತೆಯ ಅಚ್ಚಿನಲ್ಲಿ, ಇಷ್ಟು ಪ್ರತಿ ಮುದ್ರಿಸಲು ಎಷ್ಟು ಖರ್ಚಾಗುತ್ತದೆಂಬುದನ್ನು ಮುದ್ರಕರಿಂದಲೇ ಕೇಳಿ ತಿಳಿದು ಅದು ಒಂದು ಪುಸ್ತಕವನ್ನು ಹೊರತಂದಿತು. ಪ್ರಕಾಶನದ ನಾನಾ ಪದ್ಧತಿಗಳನ್ನು ವಿವರಿಸುವ ಇನ್ನೊಂದು ಪುಸ್ತಕವೂ ಬಂದಿತು. ೧೮೯೦ರಿಂದ ‘ದಿ ಆಥರ್’ ಎಂಬ ಪತ್ರಿಕೆಯನ್ನು ಹೊರಡಿಸಿ, ಕರಾರುಪತ್ರದ ಯಾವ ವಾಕ್ಯದಲ್ಲಿ ಯಾವ ಅಪಾಯ ಅಡಗಿದೆಯೆಂಬುದನ್ನು ತಿಂಗಳು ತಿಂಗಳೂ ತಿಳಿಯಪಡಿಸಿತು. ಆ ಅಂಕಿಗಳನ್ನು ಪ್ರಕಾಶಕರು ಆಕ್ಷೇಪಿಸಿದರು. ಆದರೆ ಆಕ್ಷೇಪಿಸಬೇಕಾದರೆ ತಮ್ಮ ಅಂಕಿಗಳನ್ನು ಅವರೂ ಬೆಳಕಿಗೆ ತರಬೇಕಾಯಿತಷ್ಟೆ! ಒಬ್ಬ ಲೇಖಕನಿಗೆ ತನ್ನದೊಂದೇ ಕರಾರಿನ ಅನುಭವ. ಸಂಘಕ್ಕೆ ನೂರಾರು ಕರಾರುಗಳ ಅನುಭವ. ಬಿಡಿಬಿಡಿಯಾಗಿದ್ದ ಅನುಭವವನ್ನು ಸರ್ವರ ತಿಳಿವಳಿಕೆಯನ್ನಾಗಿ ಮಾಡಿದುದೇ ಸಂಘದ ಪ್ರಥಮ ಪ್ರಯೋಜನ. ಅದಕ್ಕೆ ಬಿರುದು ಬೇಕಾಗಲಿಲ್ಲ, ಸನ್ಮಾನ ಬೇಕಾಗಲಿಲ್ಲ. ಸದಸ್ಯನ ಕೃತಿ ಉತ್ತಮವೋ ಅಧಮವೋ ಎಂಬ ವಿಚಾರಣೆಯೂ ಬೇಕಾಗಲಿಲ್ಲ. ಕೆಟ್ಟ ಕಾದಂಬರಿಯನ್ನು ಬರೆದವನಿಗೂ ಸರಿಯಾದ ಲೆಕ್ಕವು ಸಲ್ಲತಕ್ಕದ್ದೇ.

೩

ಇಷ್ಟಾದರೂ ಇದೆಲ್ಲ ವ್ಯವಹಾರದ ವಿಷಯವಾಯಿತು, ಸಾಹಿತ್ಯಕ್ಕೇನು ಸಂಬಂಧ ಎಂದು ವಾಚಕರು ಕೇಳಬಹುದು. ವ್ಯವಹಾರವು ಕೃತಿಯ ಒಳಕ್ಕೇ ಪ್ರವೇಶಿಸುತ್ತದೆಂಬುದಕ್ಕೆ ಅದೇ ಕಾಲದ ಇಂಗ್ಲೆಂಡಿನಲ್ಲಿ ಸ್ಪಷ್ಟವಾದ ನಿದರ್ಶನವಿದೆ.

ಚಾರ್ಲ್ಸ್ ಮೂಡಿ ಎಂಬವನು ೧೮೪೨ರಲ್ಲಿ ಲಂಡನ್ನಿನಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಗ್ರಂಥಾಲಯವೊಂದನ್ನು ಸ್ಥಾಪಿಸಿದನು. ವರ್ಷಕ್ಕೆ ಒಂದು ಗಿನಿ ಚಂದಾ ಕೊಟ್ಟವರಿಗೆ ಒಂದು ಸಲಕ್ಕೆ ಒಂದು ಸಂಪುಟ ದೊರೆಯುತ್ತಿತ್ತು. ಕಾದಂಬರಿಯು ಮೂರು ಸಂಪುಟಗಳಾಗಿದ್ದರೆ ಒಂದೇ ಕೃತಿಯನ್ನು ಏಕಕಾಲದಲ್ಲಿ ಮೂವರಿಗೆ ಕೊಡಬಹುದು. ಆದಕಾರಣ ಮೂಡಿಗೆ ಮೂರು ಸಂಪುಟದ ಕಾದಂಬರಿಯೇ ಬೇಕಾಗಿದ್ದಿತು. ಅದರ ಬೆಲೆ ೩೧ ಷಿಲಿಂಗ್ ೬ ಪೆನ್ಸ್. ಸಾಮಾನ್ಯ ಓದುಗನು ಅದನ್ನು ಕೊಳ್ಳುವಂತಿರಲಿಲ್ಲ. ಕೊಳ್ಳುವವನೆಂದರೆ ಮುಖ್ಯವಾಗಿ ಮೂಡಿಯೇ. ಅವನು ಬಯಸಿದ ಉದ್ದಕ್ಕೆ ಪ್ರಕಾಶಕರು ಒಪ್ಪಿದರು, ಪ್ರಕಾಶಕರ ಉದ್ದಕ್ಕೆ ಲೇಖಕರು ಒಪ್ಪಿದರು. ಕುಟುಂಬದಲ್ಲಿ ಎಲ್ಲರೂ ಓದತಕ್ಕದ್ದಲ್ಲವೆಂದು ಅವನಿಗೆ ತೋರಿದ ಕೃತಿಗೆ ಅಲ್ಲಿ ಪ್ರವೇಶ ಕಷ್ಟ. ಇದನ್ನು ಪ್ರತಿಭಟಿಸಿ ಜಾರ್ಜ್ ಮೂರ್ ೧೮೮೫ರಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದನು.

೧೮೯೧ರಲ್ಲಿ ಹೊರಬಂದ ಜಾರ್ಜ್ ಗಿಸ್ಸಿಂಗನ ‘ನ್ಯೂ ಗ್ರಬ್ ಸ್ಟ್ರೀಟ್’ ಕಾದಂಬರಿಯನ್ನು ಈ ದೃಷ್ಟಿಯಿಂದ ಓದಬೇಕು. ಅದರ ನಾಯಕರಲ್ಲೊಬ್ಬನಾದ ಎಡ್ವಿನ್ ರಿಯರ್ಡನ್ ಪ್ರತಿಭೆಯುಳ್ಳವನು. ಆದರೆ ಎರಡು ಸಂಪುಟಗಳಿಗೆ ಸಾಕಾಗುವ ವಸ್ತುವನ್ನು ಮೂರಕ್ಕೆ ಎಳೆಯಬೇಕಾದ ಕಷ್ಟದಲ್ಲಿ ಅವನ ಚೇತನವು ಬತ್ತಿಹೋಗುತ್ತದೆ. ಈ ದುರಂತವನ್ನು ನಿರೂಪಿಸುವ ಕಾದಂಬರಿಯೂ ಮೂರು ಸಂಪುಟಗಳಲ್ಲಿಯೇ ಪ್ರಕಟವಾಯಿತು. ಗಿಸ್ಸಿಂಗನು ಅದರ ಸ್ವಾಮ್ಯವನ್ನೆಲ್ಲ ೧೫೦ ಪೌಂಡುಗಳಿಗೆ ಶಾಶ್ವತವಾಗಿ ಮಾರಿಬಿಟ್ಟನು. ಮುಂದಿನ ಮುದ್ರಣಗಳಿಂದ ಅವನಿಗೆ ಬರತಕ್ಕದ್ದು ಏನೂ ಉಳಿಯಲಿಲ್ಲ. ಪಾತ್ರದ ವಿಧಿಯನ್ನು ಕರ್ತೃವೂ ಹಂಚಿಕೊಂಡನು. ಈ ಕಾದಂಬರಿಯ ಶಿಥಿಲ ಬಂಧವನ್ನು ದೋಷವೆಂದು ಗುರುತಿಸುವ ವಿಮರ್ಶಕನು ಆ ಶೈಥಿಲ್ಯದಲ್ಲಿ ಮೂಡಿಯ ಪಾಲೆಷ್ಟು ಎಂಬುದನ್ನೂ ಹೇಳಬೇಕಾಗುತ್ತದೆ. ೧೮೯೪ರಲ್ಲಿ ಮೂಡಿಯ ಸಂಸ್ಥೆಯೂ ಡಬ್ಲ್ಯೂ. ಎಚ್. ಸ್ಮಿತ್ ಸಂಸ್ಥೆಯೂ ಸೇರಿ ಮೂರು ಸಂಪುಟಕ್ಕೆ ತಾವು ಕೊಡುವ ಬೆಲೆಯನ್ನು ತಗ್ಗಿಸಿದುವು. ಕೆಲವೇ ವರ್ಷಗಳಲ್ಲಿ ಆ ರೂಪವೇ ಕಣ್ಮರೆಯಾಯಿತು. ಒಂದು ಸಾಹಿತ್ಯರೂಪವನ್ನು ಬಾಳಿಸಿದುದೂ ಅಳಿಸಿದುದೂ ಒಬ್ಬ ದೊಡ್ಡ ಗಿರಾಕಿ.

ಸಂಘದ ಎರಡನೆಯ ಪ್ರಯೋಜನವು ಇಲ್ಲಿ ತೋರುತ್ತದೆ. ಮಾರುವವರು ಅನೇಕರು, ಚಿಕ್ಕವರು. ಕೊಳ್ಳುವವನು ಒಬ್ಬ, ದೊಡ್ಡವನು — ಇಂಥ ಪೇಟೆಯಲ್ಲಿ ಒಬ್ಬೊಬ್ಬರಾಗಿ ನಿಂತವರು ಗಿರಾಕಿಯ ಮುಖವನ್ನು ನೋಡಿಯೇ ಬರೆಯುತ್ತಾರೆ, ಅಚ್ಚುಹಾಕುತ್ತಾರೆ. ಒಟ್ಟಾಗಿ ನಿಂತರೆ ಗಿರಾಕಿಯು ಒಳ್ಳೆಯವನಾಗುತ್ತಾನೆಂದಲ್ಲ. ಅವನ ಷರತ್ತುಗಳಿಗೆ ಒಂದು ಉತ್ತರ ಇರುತ್ತದೆ, ಅಷ್ಟೆ. ಬ್ರಿಟನ್ನಿನ ಸಾರ್ವಜನಿಕ ಗ್ರಂಥಾಲಯಗಳಿಂದ ಜನರು ಪುಸ್ತಕವನ್ನು ಎರವಲು ಪಡೆದಾಗಲೂ ಲೇಖಕನಿಗೆ ಒಂದು ಅಲ್ಪ ಪ್ರತಿಫಲ ಸಲ್ಲಬೇಕೆಂದು ಜಾನ್ ಬ್ರೋಫಿ ಎಂಬ ಕಾದಂಬರಿಕಾರನು ೧೯೫೧ರಲ್ಲಿ ಸೂಚಿಸಿದನು. ಅವನ ಮಗಳು ಬ್ರಿಜಿಡ್ ಬ್ರೋಫಿಯೂ ಮೋರೀನ್ ಡಫಿಯೂ ಇತರ ಲೇಖಕರೊಡನೆ ಕೂಡಿ ೧೯೭೨ರಲ್ಲಿ ಇದಕ್ಕಾಗಿಯೇ ಒಂದು ಗುಂಪನ್ನು ಕಟ್ಟಿದರು, ೧೯೭೯ರಲ್ಲಿ ಶಾಸನವಾಯಿತು. ಓದುಗನಿಗೆ ಪುಸ್ತಕವು ಮೊದಲಿನಂತೆ ಉಚಿತವಾಗಿಯೇ ಉಳಿಯಿತು. ಹಣವನ್ನು ಸರ್ಕಾರವು ಕೊಟ್ಟಿತು. ಒಬ್ಬ ಲೇಖಕನ ಸಲಹೆಯಾಗಿದ್ದಾಗ ನಿಂತಲ್ಲೇ ನಿಂತಿದ್ದ ವಿಷಯವು ಕೂಟದ ಬೇಡಿಕೆಯಾದಾಗ ಶಾಸನವಾಯಿತೆಂಬುದು ಗಮನಾರ್ಹ.

೪

ಈ ನಿದರ್ಶನಗಳೆಲ್ಲ ಐರೋಪ್ಯವಾದುವು, ಓದುಗರ ಸಂಖ್ಯೆ ವಿಪುಲವಾಗಿರುವ ಭಾಷೆಗಳಿಗೆ ಮಾತ್ರ ಹೊಂದತಕ್ಕವು ಎಂಬ ಸಂದೇಹಕ್ಕೆ ನಮ್ಮ ನೆರೆಯ ನಾಡೇ ಉತ್ತರ ಕೊಟ್ಟಿದೆ. ೧೯೪೫ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಮಂದಿ ಮಲೆಯಾಳ ಲೇಖಕರು ೧೨೦ ರೂಪಾಯಿ ಮೂಲಧನದಿಂದ ‘ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘ’ವನ್ನು ಪ್ರಾರಂಭಿಸಿದರು. ವಿಮರ್ಶಕರೂ ಅಧ್ಯಾಪಕರೂ ಆಗಿದ್ದ ಎಂ. ಪಿ. ಪಾಲ್ ಅವರು ಅಧ್ಯಕ್ಷರು. ಕಥೆಗಾರರೂ ಶಾಲಾ ಉಪಾಧ್ಯಾಯರೂ ಆಗಿದ್ದ ಕಾರೂರ್ ನೀಲಕಂಠ ಪಿಳ್ಳೆಯವರು ಕಾರ್ಯದರ್ಶಿಗಳು. ಲೇಖಕರೇ ಷೇರುದಾರರಾಗಿ, ಲೇಖಕರೇ ಪ್ರಕಾಶಕರಾಗಿ, ಪುಸ್ತಕದ ಬೆಲೆಯಲ್ಲಿ ನೂರಕ್ಕೆ ೩೦ರಷ್ಟನ್ನು ಗ್ರಂಥಕರ್ತನಿಗೆ ಕೊಡುವ ಕ್ರಮವನ್ನು ಸಂಘವು ನಡೆಸಿತು. ‘ನ್ಯಾಷನಲ್ ಬುಕ್ ಸ್ಟಾಲ್’ ಎಂಬ ಪುಸ್ತಕದಂಗಡಿಯು ಅದರ ಕೈಗೆ ಬಂದ ಮೇಲೆ ಮಾರಾಟದ ವ್ಯವಸ್ಥೆಯೂ ಲೇಖಕರದೇ ಆಯಿತು. ಬರವಣಿಗೆಯು ಮಾನವಾಗಿ ಬದುಕಬಹುದಾದ ವೃತ್ತಿಯೆಂಬ ವಿಶ್ವಾಸವು ಮಲೆಯಾಳದಲ್ಲಿ ಬೆಳೆಯಲು ಈ ಸಂಘವು ಮುಖ್ಯ ಕಾರಣಗಳಲ್ಲೊಂದು.

ಆದರೆ ಈ ಉದಾಹರಣೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಸಂಘವೇ ಪ್ರಕಾಶಕನಾದಾಗ ಯಾರ ಗ್ರಂಥವನ್ನು ಅಚ್ಚುಹಾಕಬೇಕು, ಯಾರದನ್ನು ಬಿಡಬೇಕು ಎಂಬ ನಿರ್ಣಯವೂ ಸಂಘಕ್ಕೇ ಬರುತ್ತದೆ; ಆಗ ಸದಸ್ಯನು ಷೇರುದಾರನೂ ಹೌದು, ಅರ್ಜಿದಾರನೂ ಹೌದು. ಚುನಾಯಿತ ಮಂಡಲಿಯು ತನ್ನ ಮತದಾರರ ಕೃತಿಗಳನ್ನು ನಿರ್ದಾಕ್ಷಿಣ್ಯವಾಗಿ ತೂಗಬೇಕಾಗುತ್ತದೆ. ಆ ಸಂಘದ ಬೆಳವಣಿಗೆಗೆ ಬಹಳವಾಗಿ ದುಡಿದಿದ್ದ ಡಿ. ಸಿ. ಕಿಳಕ್ಕೆಮುರಿಯವರು ೧೯೭೪ರಲ್ಲಿ ಪ್ರತ್ಯೇಕವಾಗಿ ತಮ್ಮದೇ ಪ್ರಕಾಶನವನ್ನು ತೆರೆದರು. ಅದು ಇಂದು ಕೇರಳದ ದೊಡ್ಡ ಪ್ರಕಾಶನಗಳಲ್ಲೊಂದು. ಲೆಕ್ಕವನ್ನು ಕಾಯುವ ಕೆಲಸವೂ ಕೃತಿಯನ್ನು ಆರಿಸುವ ಕೆಲಸವೂ ಬೇರೆ ಬೇರೆ ಕೈಗಳಲ್ಲಿರುವುದೇ ಲೇಸೆಂದು ನಮಗೆ ತೋರುತ್ತದೆ.

೫

ಸಂಘಗಳ ವಿರುದ್ಧವಾಗಿ ಹೇಳುವ ಮಾತುಗಳನ್ನೂ ಪರಿಶೀಲಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ಅವುಗಳಲ್ಲಿ ಎರಡು ಗುರುತರವಾದುವು.

ವ್ಯಾಪಾರಿಗಳು ಸಂಘಟಿತರಾದರೆ ಗ್ರಾಹಕನಿಗೆ ಬೆಲೆ ಏರುತ್ತದೆಂಬುದು ಮೊದಲನೆಯ ಆಕ್ಷೇಪ. ಇಂಗ್ಲೆಂಡಿನ ಪ್ರಕಾಶಕರ ಸಂಘವು ೧೮೯೬ರಲ್ಲಿ ಹುಟ್ಟಿ, ೧೯೦೦ರಿಂದ ‘ನೆಟ್ ಬುಕ್ ಅಗ್ರಿಮೆಂಟ್’ ಎಂಬ ಒಡಂಬಡಿಕೆಯನ್ನು ಜಾರಿಗೆ ತಂದಿತು. ಪ್ರಕಾಶಕನು ಗೊತ್ತುಮಾಡಿದ ಬೆಲೆಗಿಂತ ಕಡಮೆಗೆ ಯಾವ ಅಂಗಡಿಯೂ ಪುಸ್ತಕವನ್ನು ಮಾರಕೂಡದೆಂಬುದು ಅದರ ಸಾರ. ೧೯೬೨ರಲ್ಲಿ ನ್ಯಾಯಾಲಯವು ಇದನ್ನು ಸಾರ್ವಜನಿಕ ಹಿತಕ್ಕೆ ಅನುಕೂಲವೆಂದು ಎತ್ತಿಹಿಡಿಯಿತು. ೧೯೯೫ರಲ್ಲಿ ದೊಡ್ಡ ಪ್ರಕಾಶಕರೇ ಒಡಂಬಡಿಕೆಯಿಂದ ಹೊರಬಂದರು; ೧೯೯೭ರಲ್ಲಿ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂಬ ತೀರ್ಪು ಬಂದಿತು. ಹೆಚ್ಚು ಮಾರಾಟವಾಗುವ ಪುಸ್ತಕಗಳಿಗೆ ದೊಡ್ಡ ಅಂಗಡಿಗಳಲ್ಲಿ ರಿಯಾಯಿತಿ ದೊರೆಯಿತು. ಸಣ್ಣ ಸ್ವತಂತ್ರ ಅಂಗಡಿಗಳು ಅನೇಕ ಮುಚ್ಚಿದುವು. ಒಂದೇ ಪ್ರಶ್ನೆಗೆ ೩೫ ವರ್ಷಗಳ ಅಂತರದಲ್ಲಿ ಎರಡು ಉತ್ತರಗಳು! ಬೆಲೆಯನ್ನು ಕಟ್ಟುವ ಸಂಘವು ಶಾಶ್ವತವಾಗಿ ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳುವಂತಿಲ್ಲವೆಂಬುದು ಇದರಿಂದ ಸ್ಪಷ್ಟ. ಲೆಕ್ಕವನ್ನು ಬಹಿರಂಗಪಡಿಸುವ ಸಂಘಕ್ಕೆ ಈ ಆಕ್ಷೇಪವು ತಟ್ಟುವುದಿಲ್ಲ.

ಸಂಘವು ಯಾರ ಹೆಸರಿನಲ್ಲಿ ಮಾತನಾಡುತ್ತದೆಯೋ ಅವರನ್ನು ಕೇಳಿಯೇ ಮಾತನಾಡುತ್ತದೆಯೇ ಎಂಬುದು ಎರಡನೆಯ ಆಕ್ಷೇಪ. ೨೦೧೨ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂರು ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯದ ಮೇಲೂ ಅದರ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೂ ದಾವೆ ಹೂಡಿದ ಸಂಗತಿ ಅಧ್ಯಾಪಕರಿಗೆ ನೆನಪಿರಬಹುದು. ಪಾಠಕ್ಕಾಗಿ ಗ್ರಂಥಭಾಗಗಳನ್ನು ಪ್ರತಿಮಾಡಿ ವಿದ್ಯಾರ್ಥಿಗಳಿಗೆ ಕೊಟ್ಟುದು ಸ್ವಾಮ್ಯಭಂಗವೆಂಬುದು ಅವುಗಳ ವಾದ. ಆದರೆ ಆ ಗ್ರಂಥಗಳ ಕರ್ತೃಗಳಲ್ಲಿಯೇ ಹಲವರು ದಾವೆಯನ್ನು ಬಹಿರಂಗವಾಗಿ ವಿರೋಧಿಸಿದರು. ೨೦೧೬ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ದಾವೆಯನ್ನು ವಜಾಮಾಡಿತು. ಮೇಲ್ಮನವಿಯ ತರುವಾಯ ೨೦೧೭ರಲ್ಲಿ ಪ್ರಕಾಶಕರು ಅದನ್ನು ಹಿಂದಕ್ಕೆ ಪಡೆದರು. ಲೇಖಕನ ಹಿತವೂ ಪ್ರಕಾಶಕನ ಹಿತವೂ ಎಲ್ಲ ಕಾಲದಲ್ಲಿಯೂ ಒಂದೇ ಅಲ್ಲ. ಇವೆರಡಕ್ಕೂ ಹೊರಗೆ ವಿದ್ಯಾರ್ಥಿಯ ಹಿತವೆಂಬುದೊಂದಿದೆ. ಆದುದರಿಂದ ಲೇಖಕರ ಸಂಘವೂ ಪ್ರಕಾಶಕರ ಸಂಘವೂ ಪ್ರತ್ಯೇಕವಾಗಿದ್ದು, ಸಮಾನ ವಿಷಯಗಳಲ್ಲಿ ಮಾತ್ರ ಒಂದೆಡೆ ಕುಳಿತು ಮಾತನಾಡುವುದು ಯುಕ್ತ.

೬

ಈ ವಿಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡದ ಕಡೆಗೆ ತಿರುಗೋಣ. ಸಂಘಗಳ ಕೊರತೆ ನಮ್ಮಲ್ಲಿಲ್ಲ. ಧಾರವಾಡದ ವಿದ್ಯಾವರ್ಧಕ ಸಂಘವು ೧೮೯೦ರಲ್ಲಿಯೂ ಬೆಂಗಳೂರಿನ ಸಾಹಿತ್ಯ ಪರಿಷತ್ತು ೧೯೧೫ರಲ್ಲಿಯೂ ಜನಿಸಿದುವು. ಹಂಚಿಹೋಗಿದ್ದ ನಾಡಿನಲ್ಲಿ ಭಾಷೆಯನ್ನು ಉಳಿಸಿ ಬೆಳೆಸುವುದು ಇವುಗಳ ಮಹೋದ್ದೇಶವಾಗಿದ್ದಿತು. ಅದನ್ನು ಅವು ಸಾಧಿಸಿದ ಬಗೆಗೆ ಕನ್ನಡಿಗರು ಎಂದಿಗೂ ಋಣಿಗಳು. ಆಮೇಲೆ ಬಂದ ಪ್ರಗತಿಶೀಲರ ಸಂಘ, ೧೯೭೪ರ ಬರಹಗಾರರ ಮತ್ತು ಕಲಾವಿದರ ಒಕ್ಕೂಟ, ೧೯೭೯ರ ಬಂಡಾಯ ಸಾಹಿತ್ಯ ಸಂಘಟನೆ — ಇವು ಸಾಹಿತ್ಯವು ಏನನ್ನು ಹೇಳಬೇಕು, ಯಾರ ಪರವಾಗಿ ಹೇಳಬೇಕು ಎಂಬ ಧ್ಯೇಯದಿಂದ ಹುಟ್ಟಿದುವು. ೧೯೭೯ರಲ್ಲಿಯೇ ಟಿ. ಸುನಂದಮ್ಮನವರ ಅಧ್ಯಕ್ಷತೆಯಲ್ಲಿ ಆರಂಭವಾದ ಕರ್ನಾಟಕ ಲೇಖಕಿಯರ ಸಂಘವು ಬರೆಯುವ ಹೆಂಗಸರ ಸ್ಥಿತಿಗತಿಯನ್ನೇ ವಿಷಯವಾಗಿ ತೆಗೆದುಕೊಂಡುದರಿಂದ ನಾವು ಹೇಳುತ್ತಿರುವ ಉದ್ದೇಶಕ್ಕೆ ಹೆಚ್ಚು ಸಮೀಪವಾದುದು. ಒಟ್ಟಿನಲ್ಲಿ ನೋಡಿದರೆ ಭಾಷೆಗಾಗಿ ಸಂಘ ಕಟ್ಟಿದೆವು, ತತ್ತ್ವಕ್ಕಾಗಿ ಕಟ್ಟಿದೆವು. ಕರಾರುಪತ್ರವನ್ನು ಓದಿ ಹೇಳುವುದಕ್ಕೆ ಕಟ್ಟಿದುದು ಬಹಳ ಕಡಮೆ.

ಇದರ ಫಲವಾಗಿ ಕನ್ನಡದ ಲೇಖಕನು ಅನೇಕ ವೇಳೆ ತಾನೇ ಪ್ರಕಾಶಕನಾಗಬೇಕಾಯಿತು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾರಂತರು ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟವನ್ನೂ ಪ್ರಕಟನಾಲಯವನ್ನೂ ನಡೆಸಿದರು. ಕುವೆಂಪು ಅವರ ಗ್ರಂಥಗಳು ಮನೆಯ ಹೆಸರನ್ನೇ ಹೊತ್ತ ‘ಉದಯರವಿ’ ಪ್ರಕಾಶನದಿಂದ ಬಂದುವು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲೇ ಕೂಡಿಸಿಕೊಂಡು ಪುಸ್ತಕ ಹೊರಡಿಸುವ ಕ್ರಮವನ್ನು ಅನುಸರಿಸಿತು. ಓದುಗರ ಸಂಘವೊಂದು ಅಲ್ಲಿ ಅಪ್ರತ್ಯಕ್ಷವಾಗಿ ಇದ್ದಿತೆನ್ನಬಹುದು. ಇವೆಲ್ಲ ಧೀರ ಕಾರ್ಯಗಳು. ಆದರೆ ಧೈರ್ಯವನ್ನು ಹೊಗಳುವ ಭರದಲ್ಲಿ ನಾವು ಒಂದನ್ನು ಮರೆಯುತ್ತೇವೆ: ಕಾದಂಬರಿಯ ಹೊರೆಯನ್ನು ಹೊತ್ತು ನಡೆದ ದಿನಗಳು ಕಾದಂಬರಿ ಬರೆಯದ ದಿನಗಳು.

ಇಂದು ಕನ್ನಡದ ಸಣ್ಣ ಪ್ರಕಾಶಕನಿಗೆ ಮುಖ್ಯ ಗಿರಾಕಿಯೆಂದರೆ ಸರ್ಕಾರ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯೊಡನೆ ವಸೂಲಾಗುವ ಗ್ರಂಥಾಲಯ ಕರವೇ ಊರೂರಿನ ಗ್ರಂಥಾಲಯಗಳಿಗೆ ಆಧಾರ; ಅದು ನಾಡಿಗೆ ಮಹೋಪಕಾರ ಮಾಡಿದ ಶಾಸನ. ಆದರೆ ಪುಟಕ್ಕೆ ಇಂತಿಷ್ಟೆಂದು ದರ ಕಟ್ಟಿ ಪುಸ್ತಕ ಕೊಳ್ಳುವ ಕ್ರಮವು ಪುಟಗಳ ಸಂಖ್ಯೆಯನ್ನು ನಿಯಂತ್ರಿಸುತ್ತದೆ; ಕೊಳ್ಳುವ ಪ್ರತಿಗಳ ಸಂಖ್ಯೆಯು ಮುದ್ರಣದ ಸಂಖ್ಯೆಯನ್ನು ನಿಯಂತ್ರಿಸುತ್ತದೆ. ಹಣ ಬರುವುದು ತಡವಾದರೆ ಲೇಖಕನ ಗೌರವಧನವೂ ತಡವಾಗುತ್ತದೆ. ಮೂಡಿಯ ಕಥೆಯನ್ನು ಓದಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬ ಪ್ರಕಾಶಕನು ಕಚೇರಿಗೆ ಹೋಗಿ ಕೇಳಿದರೆ ಅದು ಯಾಚನೆ. ಎಲ್ಲರೂ ಸೇರಿ, ಕಾಗದ, ಅಚ್ಚು, ರಟ್ಟಿನ ಈಗಿನ ಧಾರಣೆಯನ್ನು ಅಂಕಿಗಳೊಡನೆ ಮುಂದಿಟ್ಟರೆ ಅದು ವಾದ.

ಲೇಖಕನ ವಿಷಯದಲ್ಲಿ ಕಾನೂನು ಅವನ ಕಡೆಗೇ ಇದೆ. ಅದು ಅವನಿಗೆ ತಿಳಿದಿಲ್ಲ. ೧೯೫೭ರ ಗ್ರಂಥಸ್ವಾಮ್ಯ ಅಧಿನಿಯಮವು ಈಗ ಇರುವ ರೂಪದಲ್ಲಿ ಸ್ವಾಮ್ಯದ ವರ್ಗಾವಣೆಯು ಬರಹದಲ್ಲಿಯೇ ಆಗಬೇಕೆನ್ನುತ್ತದೆ. ಕರಾರಿನಲ್ಲಿ ಅವಧಿಯನ್ನು ಹೇಳದಿದ್ದರೆ ಅದು ೫ ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಅದು ಭಾರತಕ್ಕೆ ಸೀಮಿತವೆಂದೂ ಭಾವಿಸತಕ್ಕದ್ದು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ಆ ಹಕ್ಕು ಜಾರಿಹೋಗುತ್ತದೆ. ಸ್ವಾಮ್ಯವು ಲೇಖಕನ ಮರಣಾನಂತರ ೬೦ ವರ್ಷಗಳ ಕಾಲ ಅವನ ವಾರಸುದಾರರಿಗೆ ಸೇರುತ್ತದೆ. ಮೊದಲು ೫೦ ಆಗಿದ್ದ ಈ ಅವಧಿಯು ರವೀಂದ್ರನಾಥ ಠಾಕೂರರ ಕೃತಿಗಳ ಸ್ವಾಮ್ಯವು ಮುಗಿಯುವ ಸಂದರ್ಭದಲ್ಲಿ ೧೯೯೨ರಲ್ಲಿ ವಿಸ್ತೃತವಾಯಿತು. ಎಷ್ಟೋ ಲೇಖಕರು ಬಾಯಿಮಾತಿನಲ್ಲಿ ಪುಸ್ತಕ ಕೊಡುತ್ತಾರೆ. ಎಷ್ಟೋ ಮಂದಿ ‘ಸಮಸ್ತ ಹಕ್ಕುಗಳು’ ಎಂಬ ಎರಡು ಪದಗಳ ಕೆಳಗೆ ರುಜು ಹಾಕುತ್ತಾರೆ. ಆ ಎರಡು ಪದಗಳಲ್ಲಿ ಅನುವಾದ, ಚಲನಚಿತ್ರ, ಇ-ಪುಸ್ತಕ, ಧ್ವನಿಪುಸ್ತಕಗಳೆಲ್ಲ ಅಡಗಿರುತ್ತವೆಂಬುದು ಅವರ ಮಕ್ಕಳಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

೭

ನಾವು ಬಯಸುವ ಸಂಘದ ಕಾರ್ಯಗಳು ಬಹು ಸಾಧಾರಣವಾದುವು. ಮಾದರಿ ಕರಾರುಪತ್ರವೊಂದನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸುವುದು; ಸದಸ್ಯರು ತಂದ ಕರಾರುಗಳನ್ನು ಬಲ್ಲವರಿಂದ ಓದಿಸಿ ಹೇಳುವುದು; ಮುದ್ರಣದ ಧಾರಣೆಯನ್ನು ವರ್ಷಕ್ಕೊಮ್ಮೆ ಪ್ರಕಟಿಸುವುದು; ದಿವಂಗತ ಲೇಖಕರ ವಾರಸುದಾರರು ಯಾರು, ಅವರ ಅನುಮತಿಯನ್ನು ಎಲ್ಲಿ ಕೇಳಬೇಕು ಎಂಬುದಕ್ಕೆ ಒಂದು ದಾಖಲೆಯನ್ನಿಡುವುದು. ಸಣ್ಣ ಪ್ರಕಾಶಕರಿಗಾದರೆ ಸಮಾನವಾದೊಂದು ಉಗ್ರಾಣ, ಸಮಾನವಾದೊಂದು ಪುಸ್ತಕಪಟ್ಟಿ, ಪುಸ್ತಕಮೇಳದಲ್ಲಿ ಹಂಚಿಕೊಂಡ ಒಂದು ಮಳಿಗೆ. ಬಹುಮಾನ ಕೊಡುವುದು ಈ ಪಟ್ಟಿಯಲ್ಲಿಲ್ಲ. ಅದನ್ನು ಕೊಡಲು ಅಕಾಡೆಮಿಗಳಿವೆ. ಕೃತಿಯ ಗುಣವನ್ನು ತೂಗುವುದೂ ಇಲ್ಲ. ಅದು ವಿಮರ್ಶಕನ ಕೆಲಸ, ಅವನು ಯಾವ ಸಂಘಕ್ಕೂ ಸೇರದೆ ಮಾಡಬೇಕಾದ ಕೆಲಸ.

ಈ ಲೇಖನವನ್ನು ಓದುವ ಅಧ್ಯಾಪಕರಲ್ಲಿ ಅನೇಕರು ಸ್ವತಃ ಗ್ರಂಥಕರ್ತರು. ಪಠ್ಯಪುಸ್ತಕಗಳ ಆಯ್ಕೆಯಲ್ಲಿ ಕೈಯುಳ್ಳವರು, ಆದಕಾರಣ ತಾವೂ ಒಂದು ಬಗೆಯ ದೊಡ್ಡ ಗಿರಾಕಿಗಳು. ಮಾರುವವನ ಕಷ್ಟವನ್ನೂ ಕೊಳ್ಳುವವನ ಅಧಿಕಾರವನ್ನೂ ಒಟ್ಟಿಗೆ ಬಲ್ಲ ವರ್ಗವು ಇದಕ್ಕಿಂತ ಬೇರೆ ಇಲ್ಲ. ಕೋಟ್ಟಯಂನಲ್ಲಿ ಮೊದಲ ಹೆಜ್ಜೆಯಿಟ್ಟವರಲ್ಲಿ ಅಧ್ಯಾಪಕರಿದ್ದರೆಂಬುದು ಆಕಸ್ಮಿಕವಲ್ಲ. ಸಂಶೋಧಕ ವಿದ್ಯಾರ್ಥಿಗಳಿಗೂ ಇಲ್ಲಿ ಕ್ಷೇತ್ರವಿದೆ. ಕನ್ನಡದ ಪ್ರಸಿದ್ಧ ಕೃತಿಯೊಂದರ ಪಾಠಾಂತರಗಳನ್ನು ಶೋಧಿಸುವಷ್ಟೇ ಶ್ರದ್ಧೆಯಿಂದ ಅದರ ಮೊದಲ ಮುದ್ರಣದ ಪ್ರತಿಗಳೆಷ್ಟು, ಬೆಲೆಯೇನು, ಕರ್ತೃವಿಗೆ ದೊರೆತುದೆಷ್ಟು ಎಂಬುದನ್ನೂ ಶೋಧಿಸಬಹುದು. ಹಳೆಯ ಕರಾರುಪತ್ರಗಳು ಮನೆಗಳ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಆಹಾರವಾಗುವುದಕ್ಕೆ ಮೊದಲು ಈ ಕಾರ್ಯವಾದರೆ ಒಳ್ಳೆಯದು.

ಕಲೆಗೆ ನಿಯಮವನ್ನು ವಿಧಿಸಲಾಗದೆಂದು ಜೇಮ್ಸನು ಹೇಳಿದುದು ದಿಟ. ಆ ಸ್ವಾತಂತ್ರ್ಯಕ್ಕೆ ಸಂಘವು ಏನನ್ನೂ ಕೂಡಿಸಲಾರದು. ಆದರೆ ರಿಯರ್ಡನ್ನನು ಮೂರನೆಯ ಸಂಪುಟವನ್ನು ಬರೆಯಬೇಕಾಗಿಲ್ಲವೆಂದು ಅವನಿಗೆ ಹೇಳುವವರು ಯಾರಾದರೂ ಬೇಕಾಗಿದ್ದಿತು. ಬೆಸೆಂಟನ ಸಂಘದ ಬೆಲೆ ಅಲ್ಲಿದೆ. ನಮಗೆ ಬೇಕಾದುದೂ ಅಷ್ಟೆ.